ಬೆಕ್ಕು ಕಲಿಸಿದ ಸಂಗೀತ

ನನಗೂ ಸ್ವಲ್ಪ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಗೊತ್ತು ಅಂದರೆ ಮನೆಯವರು ನಗುತ್ತಾರೆ. ನಗಲಿ. ಕಲಿಸಿದ್ದು ಒಂದು ಬೆಕ್ಕು ಅಂತ ನಾನೂ ಒಪ್ಪುತ್ತೇನೆ.

ತುಮಕೂರಿನ ನಮ್ಮ ಮನೆಗೆ ಕೇಬಲ್ ಬಂದ ಹೊಸದು. ಸ್ಕೂಲಿಂದ ಬಂದವನೇ ಬ್ಯಾಗು ಎಸೆದು ಟಾಮ್ ಅಂಡ್ ಜೆರಿ ಮುಂದೆ ಕೂರುತ್ತಿದ್ದೆ. ಒಂದು ಕಂತಿನಲ್ಲಿ ಟಾಮ್ ಕರಿ ಕೋಟು ತೊಟ್ಟು, ದೊಡ್ಡ ವಿದ್ವಾಂಸನ ಗತ್ತಿನಲ್ಲಿ ಪಿಯಾನೊ ಶುರು ಮಾಡುತ್ತಾನೆ, ಒಳಗೆ ತಂತಿ ಬಡಿಯುವ ಸುತ್ತಿಗೆಗಳ ಮೇಲೆ ಮಲಗಿದ್ದ ಜೆರಿಗೆ ನಿದ್ದೆ ಕೆಡುತ್ತದೆ, ಅಲ್ಲಿಂದ ಜಗಳ. ಬೆರಳ ಮೇಲೆ ಮುಚ್ಚಳ ಬೀಳುತ್ತದೆ. ಪಿಯಾನೊದ ಬಿಳಿ ಕೀಗಳ ಜಾಗಕ್ಕೆ ಇಲಿಬೋನು ಬರುತ್ತದೆ. ಬೆಕ್ಕು ಮಾತ್ರ ನಿಲ್ಲಿಸುವುದಿಲ್ಲ, ಕೈ ಬಿಡುವಿಲ್ಲದಿದ್ದರೆ ಕಾಲಲ್ಲಿ ನುಡಿಸುತ್ತದೆ!

ಮೂಡಲಪಾಯ ಯಕ್ಷಗಾನ ನೋಡಿ ಬೆಳೆದ ನಮ್ಮ ತಾತ ಹಿಂದೆ ನಿಂತು ನೋಡಿದವರು, 'ಲೇ, ಈ ಬೆಕ್ಕು ಹಿಮ್ಮೇಳ ಬಿಟ್ಟು ಒಂದು ಹೆಜ್ಜೆ ಇಡಲ್ಲ ನೋಡು' ಅಂದರು. ಸರಿಯಾಗೇ ಹೇಳಿದ್ದರು. ಬೇರೆ ಕಂತುಗಳಲ್ಲಿ ಬೆಕ್ಕು ಬಿದ್ದರೆ, ಬಿದ್ದದ್ದಕ್ಕೆ ತಕ್ಕ ಹಾಗೆ ಸ್ಕಾಟ್ ಬ್ರಾಡ್ಲಿ ಸಂಗೀತ ಕೂರಿಸುತ್ತಿದ್ದರು. ಇಲ್ಲಿ ಉಲ್ಟಾ. ಹಂಗೇರಿಯ ಫ್ರಾಂಜ್ ಲಿಸ್ಟ್ ಹತ್ತಿರ ಹತ್ತಿರ ನೂರು ವರ್ಷ ಮೊದಲೇ ಬರೆದಿಟ್ಟ ಪಿಯಾನೊ ಕೃತಿ, ಎರಡನೇ ಹಂಗೇರಿಯನ್ ರ‍್ಯಾಪ್ಸಡಿ ಅದು, ಬೀಳುವುದಿದ್ದರೂ ಬೆಕ್ಕು ಅದರ ತಾಳಕ್ಕೇ ಬೀಳಬೇಕು. 1947ರಲ್ಲಿ ತೆರೆಗೆ ಬಂದ ಈ ಕಂತಿಗೆ ಆಸ್ಕರ್ ಕೂಡ ಸಿಕ್ಕಿತು. ಹಿಂದಿನ ವರ್ಷವೇ ಇನ್ನೊಂದು ಸ್ಟುಡಿಯೋದ ಕಾರ್ಟೂನ್ ಮೊಲ ಬಗ್ಸ್ ಬನ್ನಿಯೂ ಇದೇ ಕೃತಿ ನುಡಿಸಿದ್ದ, ಯಾರು ಯಾರದನ್ನು ಕದ್ದರು ಅಂತ ಎರಡು ಕಡೆಯವರೂ ಕಿತ್ತಾಡಿದರು. ಲಿಸ್ಟ್ ಬದುಕಿದ್ದರೆ ಏನನ್ನುತ್ತಿದ್ದರೋ.

ಆಗಿರುವ ತೊಂದರೆ ಏನಪ್ಪಾ ಅಂದರೆ, ಈ ಸಂಗೀತವನ್ನು ನಾನು ಬರೀ ಕಿವಿಯಲ್ಲಿ ಕೇಳಲಾರೆ. ಹೋದ ತಿಂಗಳು ಗೆಳೆಯನ ಮಗಳ ಕೀಬೋರ್ಡ್ ಕ್ಲಾಸಿನ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಸಿನಿಮಾ ಹಾಡುಗಳೆಲ್ಲ ಮುಗಿದ ಮೇಲೆ ಆ ಹುಡುಗಿ ನಾಲಿಗೆ ಕಚ್ಚಿಕೊಂಡು ಇದನ್ನೇ ಶುರು ಮಾಡಿದಳು, ಸುಲಭ ಮಾಡಿದ್ದು, ಆದರೂ ಇದೇ. ಎಲ್ಲರೂ ಗಂಭೀರವಾಗಿ ಕೂತಿದ್ದಾರೆ, ನನಗೋ ನಗು ತಡೆಯಲಾಗುತ್ತಿಲ್ಲ. 'ಈಗ ಬೋನು' ಅಂತ ಬಾಯಿಂದ ಜಾರಿತು. ಪಕ್ಕದ ಸೀಟಿನ ಅಪರಿಚಿತರು ತಿರುಗಿ ನೋಡಿದರು. 'ಇನ್ನೂ ಇಲ್ಲ ಸಾರ್, ಬೋನು ಮುಂದೆ ಬರುತ್ತೆ' ಅಂದರು.

ಹೊರಗೆ ಬೋಂಡ ತಿನ್ನುವಾಗ ಹುಡುಗಿಯನ್ನು ಕೇಳಿದೆ, 'ಚೆನ್ನಾಗಿ ನುಡಿಸಿದೆ ಪುಟ್ಟಿ, ಇದನ್ನ ಮೊದಲು ಎಲ್ಲಿ ಕೇಳಿದ್ದೆ?'

ಅವಳು ಆಚೀಚೆ ನೋಡಿದಳು.

'ಮಿಸ್‌ಗೆ ಹೇಳ್ಬೇಡಿ ಅಂಕಲ್.'