ಕಾಗೆ ಓಡಿಸಲು ಹೋಗಿ ಭಾನುವಾರ ಕಳೆದುಕೊಂಡೆ

ಶುಕ್ರವಾರ ಸಂಜೆ ಐದೂಮುಕ್ಕಾಲಿಗೆ ನನ್ನ ಮೊಬೈಲ್ ಬಡಿದುಕೊಂಡರೆ ಹೆಸರು ನೋಡುವ ಅಗತ್ಯವಿಲ್ಲ. ನಮ್ಮ ಮ್ಯಾನೇಜರ್. ಅವರು ಬೆಂಗಳೂರಿನಲ್ಲಿ, ನಾನು ಹಾಸನದ ಮನೆಯಲ್ಲಿ. ನಡುವೆ ಕಂಪನಿಯ ಲ್ಯಾಪ್‌ಟಾಪು.

ಅವರು ಯಾವತ್ತೂ ನೇರವಾಗಿ ಕೆಲಸ ಹೇಳಿದವರಲ್ಲ. ಮೊದಲು "ಹಾಸನದಲ್ಲಿ ಮಳೆಯಾ?" ಎನ್ನುತ್ತಾರೆ. ಸುಡುವ ಏಪ್ರಿಲ್ ಆದರೂ ಅದೇ ಪ್ರಶ್ನೆ. ಇಲ್ಲ ಎಂದರೆ "ಛೇ, ಬೆಳೆಗೆ ಕಷ್ಟ" ಎಂದು ಮರುಗುತ್ತಾರೆ. ನನಗೆ ಬೆಳೆಯೂ ಇಲ್ಲ, ಭೂಮಿಯೂ ಇಲ್ಲ. ಕುಂಡದಲ್ಲಿ ಒಂದು ದೊಡ್ಡಪತ್ರೆ ಗಿಡವಿದೆ. ಆಮೇಲೆ ಅಮ್ಮನ ಮಂಡಿನೋವು, ಮಗಳ ಪರೀಕ್ಷೆ. ಇಷ್ಟೆಲ್ಲ ವಿಚಾರಿಸಿದ ಮನುಷ್ಯನಿಗೆ ಆಗುವುದಿಲ್ಲ ಎನ್ನುವುದು ಹೇಗೆ? ಕೊನೆಗೆ, ಫೋನ್ ಇಡುವವರಂತೆ ನಟಿಸಿ, ಆ ಮಾತು ಬರುತ್ತದೆ: "ಅಂದ ಹಾಗೆ, ನಿಮಗೆ ಅನುಕೂಲವಾದರೆ ಮಾತ್ರ..."

ಈ 'ಅನುಕೂಲವಾದರೆ ಮಾತ್ರ' ಇದೆಯಲ್ಲ, ಇದರಷ್ಟು ಕ್ರೂರವಾದ ಪದ ಕನ್ನಡದಲ್ಲಿ ಇನ್ನೊಂದಿಲ್ಲ. "ನಾಳೆ ಬಾ" ಎಂದು ಗದರಿಸಿದರೆ ಜಗಳವಾಡಬಹುದು. ಇಲ್ಲಿ ನಿರ್ಧಾರ ನಿಮ್ಮದೇ, ಪಾಪವೂ ನಿಮ್ಮದೇ.

ಪಕ್ಕದ ಮನೆಯವರು ಸರ್ಕಾರಿ ನೌಕರರು. 2019ರಲ್ಲಿ ಅವರಿಗೆ ನಾಲ್ಕನೇ ಶನಿವಾರವೂ ರಜೆಯಾಯಿತು. ಅದಕ್ಕೆ ಪ್ರತಿಯಾಗಿ 15 ಸಾಂದರ್ಭಿಕ ರಜೆಗಳು 10ಕ್ಕೆ ಇಳಿದವು. ಆ ಐದು ದಿನಗಳ ದುಃಖವನ್ನು ಅವರು ಇಂದಿಗೂ ಕಾಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿಕೊಂಡು ನನಗೆ ಹೇಳುತ್ತಾರೆ, ಅದೂ ನಾಲ್ಕನೇ ಶನಿವಾರವೇ. ನಾನು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೇಳುತ್ತೇನೆ.

ಈ ಸಲ ಮಾತ್ರ ಗಟ್ಟಿ ಮನಸ್ಸು ಮಾಡಿದ್ದೆ. ಮಾರ್ಚ್ 31ರ ಲೆಕ್ಕ ಮುಗಿಸಿಕೊಡಲು ಶನಿವಾರ ಅರ್ಧ ದಿನ ಸರಿ, ಭಾನುವಾರ ಮಾತ್ರ ಶೆಟ್ಟಿಹಳ್ಳಿಗೆ. ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಆ ಹಳೆಯ ಚರ್ಚನ್ನು ಮಗಳು ಇನ್ನೂ ನೋಡಿಲ್ಲ. ಬೇಸಿಗೆಯಲ್ಲಿ ಅದರೊಳಗೆ ನಡೆದು ಹೋಗಬಹುದು; ಮಳೆಗಾಲದಲ್ಲಿ ಜಲಾಶಯ ತುಂಬಿದರೆ ಅರ್ಧಕ್ಕರ್ಧ ನೀರೊಳಗೆ. ಮೂರು ವರ್ಷದಿಂದ 'ಮುಂದಿನ ವಾರ' ಎನ್ನುತ್ತಿದ್ದೇನೆ. ಮೂರು ವರ್ಷವೂ ಅದು ನನ್ನನ್ನು ಕಾಯದೆ ಮುಳುಗಿದೆ.

ಶನಿವಾರ ಬೆಳಿಗ್ಗೆ ಅಮ್ಮ ಮಾಳಿಗೆಯ ಮೇಲೆ ಹಳೆಯ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಟ್ಟಳು. ನನಗೆ ಮೀಟಿಂಗ್ ಇದೆ ಎಂದೆ. "ಮೀಟಿಂಗ್ ಎಂದರೆ ಕೂತುಕೊಳ್ಳುವುದು ತಾನೇ? ಇಲ್ಲೇ ಕೂತುಕೋ" ಎಂದು ಕೈಗೊಂದು ಕೋಲು ಕೊಟ್ಟು ಕೆಳಗೆ ಇಳಿದಳು. ತರ್ಕಕ್ಕೆ ಉತ್ತರವಿರಲಿಲ್ಲ. ನೀರಿನ ಟ್ಯಾಂಕಿನ ನೆರಳಲ್ಲಿ ಸ್ಟೂಲ್ ಹಾಕಿಕೊಂಡು, ವಿಡಿಯೊ ತೆರೆದು, ಧ್ವನಿ ಮುಚ್ಚಿ ಕುಳಿತೆ.

ಕಾಗೆ ಒಂದೇ. ಆದರೆ ಅನುಭವಸ್ಥ. ಮೊದಲು ಟ್ಯಾಂಕಿನ ಮೇಲೆ ಕುಳಿತು ನನ್ನನ್ನು ಅಳೆಯಿತು. ನಾನು ಪರದೆ ನೋಡುವಾಗ ಎರಡು ಹೆಜ್ಜೆ ಸಂಡಿಗೆಯ ಕಡೆಗೆ. ತಿರುಗಿದರೆ ಆಕಾಶ ನೋಡುತ್ತಾ ನಿಲ್ಲುತ್ತಿತ್ತು, ತನಗೂ ಸಂಡಿಗೆಗೂ ಸಂಬಂಧವೇ ಇಲ್ಲ ಎನ್ನುವಂತೆ. ಹೀಗೆ ಇಪ್ಪತ್ತು ನಿಮಿಷ. ಕೊನೆಗೆ ಒಂದು ಹಸಿ ಸಂಡಿಗೆಯನ್ನು ಅದು ಕಚ್ಚಿಯೇ ಬಿಟ್ಟಿತು. ನಾನು ಕೋಲನ್ನೂ ಮರೆತು, ಎದ್ದು ನಿಂತು ಬಲಗೈ ಮೇಲೆತ್ತಿ ಜೋರಾಗಿ ಬೀಸಿದೆ.

ಅದೇ ಗಳಿಗೆಯಲ್ಲಿ ಮ್ಯಾನೇಜರ್, "ಹಾಗಾದರೆ ನಾಳೆ ಯಾರು ನೋಡಿಕೊಳ್ಳುತ್ತೀರಿ?" ಎಂದು ಕೇಳಿದ್ದರು. ಹನ್ನೊಂದು ಜನ ಕಲ್ಲಿನಂತೆ ಕುಳಿತಿದ್ದರು.

"ನೋಡಿ! ಹಾಸನದವರು ಎದ್ದು ನಿಂತು ಕೈ ಎತ್ತಿದ್ದಾರೆ. ಇದಪ್ಪ ಉತ್ಸಾಹ!"

ಧ್ವನಿ ತೆರೆಯುವಷ್ಟರಲ್ಲಿ ಹನ್ನೊಂದು ಜನರೂ ಚಪ್ಪಾಳೆಯ ಚಿಹ್ನೆ ಕಳಿಸಿಯಾಗಿತ್ತು. ಕಲ್ಲಿಗೆ ಅಷ್ಟು ಬೇಗ ಜೀವ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಾಗೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದ್ದರೆ ಕಚೇರಿಯ ಸಮಯದಲ್ಲಿ ಸಂಡಿಗೆ ಕಾಯುತ್ತಿದ್ದೆ ಎಂದೂ ಹೇಳಬೇಕಾಗುತ್ತಿತ್ತು.

ಭಾನುವಾರ ದಿನವಿಡೀ ಕುಳಿತು ಮುಗಿಸಿದೆ. ಆ ಕಡತವನ್ನು ಯಾರಾದರೂ ಮೊದಲು ತೆರೆದದ್ದು ಬುಧವಾರ ಮಧ್ಯಾಹ್ನ. ಯಾವಾಗ ತೆರೆದರೆಂದು ಕಂಪ್ಯೂಟರೇ ತೋರಿಸುತ್ತದೆ. ಅದನ್ನು ನೋಡಲು ಹೋಗಬಾರದಿತ್ತು.

ನಮ್ಮೂರ ಹಾಸನಾಂಬೆಯನ್ನು ನೋಡಿ. ಆಶ್ವಯುಜದಲ್ಲಿ ಕೆಲವು ದಿನ ದರ್ಶನ ಕೊಟ್ಟು, ದೀಪಾವಳಿ ಮುಗಿಯುತ್ತಿದ್ದಂತೆ ಬಾಗಿಲು ಹಾಕಿಕೊಂಡರೆ ಮತ್ತೆ ಮುಂದಿನ ವರ್ಷವೇ. ಒಳಗೆ ಹಚ್ಚಿಟ್ಟ ದೀಪ ಅಲ್ಲಿಯವರೆಗೂ ಉರಿಯುತ್ತಿರುತ್ತದೆ ಎಂಬುದು ನಂಬಿಕೆ. ನಡುವೆ ಬಾಗಿಲು ತಟ್ಟಿ "ತಾಯೇ, ಅನುಕೂಲವಾದರೆ ಐದು ನಿಮಿಷ" ಎನ್ನುವ ಧೈರ್ಯ ಯಾರಿಗಿದೆ? ಅದೇ ಊರಿನ ಭಕ್ತ ನಾನು. ತಾಯಿಯಿಂದ ನನಗೆ ಬಂದದ್ದು ವರ್ಷವಿಡೀ ಆರದ ದೀಪವೊಂದೇ, ಅದೂ ಲ್ಯಾಪ್‌ಟಾಪಿನದು.

ನಿನ್ನೆ ಮತ್ತೆ ಶುಕ್ರವಾರ. ಐದೂಮುಕ್ಕಾಲು.

"ಹಾಸನದಲ್ಲಿ ಮಳೆಯಾ?"

ಈ ಸಲ ನಿಜಕ್ಕೂ ಮಳೆ. ದಪ್ಪ ದಪ್ಪ ಹನಿ ಮಾಳಿಗೆಯ ಮೇಲೆ ಬೀಳತೊಡಗಿತ್ತು, ಕೆಳಗಿನಿಂದ ಅಮ್ಮ ಕೂಗುತ್ತಿದ್ದಳು. "ಹೌದು ಸರ್, ಸಂಡಿಗೆ ನೆನೆಯುತ್ತಿದೆ" ಎಂದು ಫೋನ್ ಇಟ್ಟು ಓಡಿದೆ. ಪಂಚೆಯ ಒಂದು ತುದಿಯನ್ನು ನಾನು, ಇನ್ನೊಂದನ್ನು ಮಗಳು ಹಿಡಿದು ಇಳಿದೆವು.

"ಅಪ್ಪಾ, ಈ ಮಳೆಗೇ ಚರ್ಚ್ ಮುಳುಗುತ್ತದಾ?"

"ಇಲ್ಲ ಪುಟ್ಟಿ, ಇದು ಬೇಸಿಗೆ ಮಳೆ. ಇನ್ನೂ ಸಮಯವಿದೆ" ಎಂದೆ. ಮೆಟ್ಟಿಲ ಮೇಲಿಟ್ಟಿದ್ದ ಫೋನ್ ಮತ್ತೆ ಬಡಿದುಕೊಳ್ಳುತ್ತಿತ್ತು. ನನ್ನ ಎರಡೂ ಕೈಯಲ್ಲಿ ಪಂಚೆ ಇತ್ತು.