ಮಂಡಕ್ಕಿ: ಒಂದು ಸಮಾಜಶಾಸ್ತ್ರೀಯ ಅಧ್ಯಯನ

ನಾನು ಓದಿರುವುದು ಪಿಯುಸಿವರೆಗೆ. ಅದೂ ಎರಡನೇ ಸಲಕ್ಕೆ ಪಾಸು. ಆದರೆ ದಾವಣಗೆರೆಯ ವಿದ್ಯಾನಗರದ ಕಡೆ ಬಂದು ಯಾವ ಎಂ.ಎ. ಹುಡುಗನನ್ನಾದರೂ ಕೇಳಿ, ಪ್ರಬಂಧಕ್ಕೆ ನಿಜವಾದ ಗೈಡ್ ಯಾರು ಅಂತ. ನನ್ನ ಜೆರಾಕ್ಸ್ ಅಂಗಡಿಗೆ ದಾರಿ ತೋರಿಸುತ್ತಾನೆ. ಟೈಪಿಂಗ್, ಪ್ರಿಂಟು, ಬೈಂಡಿಂಗ್ ಎಲ್ಲ ಒಂದೇ ಕಡೆ. ಮರೂನ್ ರೆಕ್ಸಿನ್, ಮೇಲೆ ಬಂಗಾರದ ಅಕ್ಷರ. ಒಳಗೆ ಏನಿದೆ ಅಂತ ಕೇಳಿದವರನ್ನು ನಾನು ಇನ್ನೂ ಕಂಡಿಲ್ಲ. ಬೆನ್ನಿನ ಮೇಲೆ ಹೆಸರು ನೇರ ಬಂದಿದೆಯಾ ಅಂತ ಮಾತ್ರ ಎಲ್ಲರೂ ನೋಡುತ್ತಾರೆ.

ನಾಲ್ಕನೇ ಸೆಮಿಸ್ಟರ್ ಬಂತೆಂದರೆ ನಮಗೆ ಸುಗ್ಗಿ. ಮೊದಲು ವಿಷಯದ ಆಯ್ಕೆ. ವಿಷಯ ಅಂದರೆ ಏನನ್ನೋ ತಿಳಿದುಕೊಳ್ಳಬೇಕೆಂಬ ಆಸೆ ಇರಬಹುದು ಅಂದುಕೊಂಡಿದ್ದೆ. ಅಲ್ಲವಂತೆ. ಶೀರ್ಷಿಕೆಯಲ್ಲಿ ಎರಡು ಚುಕ್ಕಿ ಇರಬೇಕು. ಅವುಗಳ ಆಚೆ ‘ಒಂದು ಸಮಾಜಶಾಸ್ತ್ರೀಯ ಅಧ್ಯಯನ’ ಅಂತ ಇರಬೇಕು. ಈಚೆ ಏನು ಬೇಕಾದರೂ ಇರಬಹುದು, ಹೆಚ್ಚಾಗಿ ಸ್ವಸಹಾಯ ಸಂಘ ಇರುತ್ತದೆ. ಕೊನೆಗೆ ಜಿಲ್ಲೆಯ ಹೆಸರು.

ಈ ಜಿಲ್ಲೆಯ ಹೆಸರಿನ ವಿಚಾರದಲ್ಲಿ ನಮ್ಮವರ ಪುಣ್ಯ ದೊಡ್ಡದು. ದಾವಣಗೆರೆ 1997ರಲ್ಲಿ ಜಿಲ್ಲೆಯಾಯಿತು. ಅದಕ್ಕೂ ಮೊದಲು ಚಿತ್ರದುರ್ಗ ಜಿಲ್ಲೆಯೊಳಗೇ ಇತ್ತು. ಹಾಗಾಗಿ ಚಿತ್ರದುರ್ಗದ ಹಳೇ ಪ್ರಬಂಧ ತೆಗೆದು, ಊರಿನ ಹೆಸರು ಬದಲಿಸಿ, ದಾವಣಗೆರೆಯದು ಅಂತ ಕೊಟ್ಟರೆ ಅದು ಕಳವಲ್ಲ. ಅಣ್ಣತಮ್ಮಂದಿರ ಆಸ್ತಿ ಭಾಗ. ನನ್ನ ಕಂಪ್ಯೂಟರಿನಲ್ಲಿ ಈ ಪಾಲುಪಟ್ಟಿ ಮಾಡಲು ಅರ್ಧ ನಿಮಿಷ ಸಾಕು.

ಹೋದ ವರ್ಷ ಒಬ್ಬ ಹುಡುಗಿ ಬಂದಳು. ಹರಿಹರದ ಕಡೆಯವಳು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹೆಂಗಸರ ಬದುಕಿನ ಮೇಲೆ ಬರೆಯಬೇಕು ಅಂದಳು. ನಾನು ಅಭ್ಯಾಸಬಲದಿಂದ ಹಳೇ ಫೋಲ್ಡರ್ ತೆರೆದೆ.

‘ಬೇಡಣ್ಣ, ನಾನೇ ಹೋಗಿ ಮಾತಾಡಿಸಿ ಬರೀತೀನಿ.’

ನನಗೆ ಗಾಬರಿಯಾಯಿತು. ‘ಯಾಕೆ ತಂಗಿ, ಮನೆಯಲ್ಲಿ ಏನಾದ್ರೂ ತೊಂದರೆನಾ?’

ಅವಳ ಗೈಡ್‌ಗೆ ನನಗಿಂತ ಜಾಸ್ತಿ ಗಾಬರಿಯಾಗಿತ್ತಂತೆ. ‘ಇದರ ಮೇಲೆ ಮೊದಲು ಯಾರಾದರೂ ಮಾಡಿದ್ದಾರಾ?’ ಅಂತ ಕೇಳಿದರಂತೆ. ಇಲ್ಲ ಸಾರ್ ಅಂದಳು. ‘ಹಾಗಾದರೆ ಸಾಹಿತ್ಯ ಸಮೀಕ್ಷೆಗೆ ಏನು ಬರೀತೀಯಾ?’ ಒಂದು ವಾರ ಹುಡುಕಿ, ಹತ್ತಿರದ್ದು ಒಂದಿಷ್ಟು ಸಿಕ್ಕಿದೆ ಸಾರ್ ಅಂದಳು. ‘ಆಗಲೇ ಮಾಡಿದ್ದಾರಲ್ಲ, ಮತ್ತೆ ನಿನ್ನದರಲ್ಲಿ ಹೊಸದೇನು?’ ಹಿಂದಿನವರು ಮುಟ್ಟದೆ ಬಿಟ್ಟ ಜಾಗಕ್ಕೆ ಸಂಶೋಧನಾ ಅಂತರ ಅನ್ನುತ್ತಾರೆ. ಅಂತರ ಇದೆ ಅಂತ ದೂರದಿಂದ ಕೈತೋರಿಸಬೇಕು. ಅದರೊಳಗೆ ಇಳಿಯಬಾರದು.

ಆಮೇಲೆ ಪ್ರಾಕ್ಕಲ್ಪನೆ. ಹೋಗಿ ನೋಡುವ ಮೊದಲೇ ಏನು ಕಾಣುತ್ತದೆ ಅಂತ ಬರೆಯುವುದು. ನೋಡಿ ಬಂದ ಮೇಲೆ ಊಹೆ ತಪ್ಪಿದ್ದರೆ ತಪ್ಪು ಅನ್ನಬೇಕು, ಅದೇ ಅದರ ಚೆಂದ ಅಂತ ಪಾಠದ ಪುಸ್ತಕ ಹೇಳುತ್ತದೆ. ನಮ್ಮಲ್ಲಿ ಮಾತ್ರ ಯಾವ ಪ್ರಾಕ್ಕಲ್ಪನೆಯೂ ಈವರೆಗೆ ಫೇಲಾಗಿಲ್ಲ. ಪಿಯುಸಿಯಲ್ಲಿ ನನಗೂ ಹೀಗೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು!

ಎಷ್ಟು ಜನರನ್ನು ಕೇಳಬೇಕು? ಇದಕ್ಕೊಂದು ಸೂತ್ರ ಇದೆ. ನಾನೇ ಎಷ್ಟೋ ಸಲ ಟೈಪ್ ಮಾಡಿದ್ದೇನೆ, ಯಮಾನೆಯ ಸೂತ್ರ ಅಂತ. ಶೇ 5ರಷ್ಟು ತಪ್ಪಿಗೆ ಜಾಗ ಬಿಟ್ಟರೆ, ಎಷ್ಟೇ ದೊಡ್ಡ ಊರಾದರೂ ಸುಮಾರು 400 ಜನ ಬೇಕಾಗುತ್ತದೆ. ಶೇ 10 ಬಿಟ್ಟರೆ 100ರ ಒಳಗೆ ಮುಗಿಯುತ್ತದೆ. ತಪ್ಪು ದುಪ್ಪಟ್ಟು ಮಾಡಿಕೊಂಡರೆ ಕೆಲಸ ಕಾಲು ಭಾಗ. ಹುಡುಗರು ಯಾವುದನ್ನು ಆರಿಸಿಕೊಳ್ಳುತ್ತಾರೆ ಅಂತ ಹೇಳಬೇಕಾಗಿಲ್ಲ, ಅಲ್ವಾ? ನೂರಕ್ಕೆ ಇನ್ನೊಂದು ಲಾಭವಿದೆ. ಕೋಷ್ಟಕದಲ್ಲಿ ‘ಸಂಖ್ಯೆ’ ಅಂತ ಒಂದು ಸಾಲು, ‘ಶೇಕಡಾ’ ಅಂತ ಇನ್ನೊಂದು ಸಾಲು. 62, ಪಕ್ಕದಲ್ಲಿ ಶೇ 62. ಕೆಳಗೆ ವಿವರಣೆ: ‘ಮೇಲಿನ ಕೋಷ್ಟಕದಿಂದ 100 ಜನರಲ್ಲಿ 62 ಜನರು, ಅಂದರೆ ಶೇ 62ರಷ್ಟು ಜನರು ಎಂದು ತಿಳಿದುಬರುತ್ತದೆ.’ ಹೀಗೆ ಮೂರು ಸಲ ಹೇಳಿದ ಮೇಲೆ ಬಣ್ಣದ ರೊಟ್ಟಿ ಚಿತ್ರ, ಅಂದರೆ ಪೈ ಚಾರ್ಟ್. ಕಲರ್ ಪ್ರಿಂಟ್ ಪುಟಕ್ಕೆ ಹತ್ತು ರೂಪಾಯಿ. ನನಗೆ ಈ ಪದ್ಧತಿಯ ಮೇಲೆ ಯಾವ ದೂರೂ ಇಲ್ಲ.

ಹುಡುಗಿ ಪ್ರಶ್ನಾವಳಿ ತಂದಳು. 1932ರಲ್ಲಿ ಅಮೆರಿಕದ ಲಿಕರ್ಟ್ ಎಂಬಾತ ಐದು ಮನೆಯ ಮಾಪಕವೊಂದನ್ನು ಹಾಕಿಕೊಟ್ಟ. ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಸ್ವಲ್ಪವೂ ಒಪ್ಪುವುದಿಲ್ಲ. ಅವತ್ತಿನಿಂದ ಮನುಷ್ಯರು ಈ ಐದು ಮನೆಗಳಲ್ಲಿ ಬಾಡಿಗೆಗೆ ಇದ್ದಾರೆ. ‘ನನ್ನ ಉದ್ಯೋಗದ ವಾತಾವರಣವು ನನಗೆ ತೃಪ್ತಿದಾಯಕವಾಗಿದೆ’ ಅನ್ನುವುದು ಹನ್ನೊಂದನೇ ಹೇಳಿಕೆ. ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಸುರಿದು ಆಡಿಸುತ್ತಿದ್ದ ಅಕ್ಕ ಇದನ್ನು ಪೂರ್ತಿ ಕೇಳಿಸಿಕೊಂಡಳಂತೆ. ಬೆವರು ಒರೆಸಿಕೊಂಡು ಹೇಳಿದಳಂತೆ:

‘ಈ ಒಲೆ ಮುಂದೆ ಒಂದು ತಾಸು ಕುಂತು ನೋಡವ್ವ. ಆಮೇಲೆ ನೀನೇ ಗೀಟು ಹಾಕ್ಕೋ.’

ಹುಡುಗಿ ಕುಂತಳು. ಒಂದು ತಾಸಲ್ಲ, ನಾಲ್ಕು ದಿನ. ಯಾವ ಅಕ್ಕಿ ಚೆನ್ನಾಗಿ ಅರಳುತ್ತದೆ, ಉಪ್ಪು ಯಾವಾಗ ಹಾಕಬೇಕು, ಮಳೆಗಾಲದಲ್ಲಿ ಕೂಲಿ ಎಷ್ಟು ಇಳಿಯುತ್ತದೆ, ಮುಂಗಡ ಸಾಲ ಯಾರ ಹತ್ತಿರ, ಎಲ್ಲ ಬರೆದುಕೊಂಡು ಬಂದಳು. ಒಂದು ನೋಟ್‌ಬುಕ್ಕೇ ತುಂಬಿತ್ತು. ಗೈಡ್ ತಿರುವಿ ನೋಡಿ, ‘ಇದೆಲ್ಲ ಕಥೆಯಾಯ್ತಮ್ಮ, ದತ್ತಾಂಶ ಎಲ್ಲಿ?’ ಅಂದರಂತೆ. ಹಾಗಾದರೆ ಆ ಅಕ್ಕನ ಮಾತನ್ನು ಯಾವ ಮನೆಗೆ ಹಾಕಲಿ ಸಾರ್ ಅಂತ ಇವಳು ಕೇಳಿದಳು.

‘ತಟಸ್ಥಕ್ಕೆ ಹಾಕು.’

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಹೆಸರು ಬರದ ಪ್ರಬಂಧ ನನ್ನ ಅಂಗಡಿಯಿಂದ ಹೊರಗೆ ಹೋಗಿಲ್ಲ. 1948ರಲ್ಲಿ ಮೈಸೂರು ಕಡೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ಜನರ ಜೊತೆ ಬದುಕಿದವರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು, ಅವರು ತಿದ್ದಿ ಜೋಡಿಸಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟವು. ಆದರೂ ನೆನಪಿನಿಂದಲೇ ಆ ಹಳ್ಳಿಯ ಮೇಲೆ ಪುಸ್ತಕ ಬರೆದರು. ನಮ್ಮ ಹುಡುಗರಿಗೆ ಅಂಥ ಅಪಾಯ ಇಲ್ಲವೇ ಇಲ್ಲ. ಸುಡಲು ಟಿಪ್ಪಣಿ ಇರಬೇಕಲ್ಲ!

ಮುಂದಿನದು ಕಾಪಿ ಹಿಡಿಯುವ ಸಾಫ್ಟ್‌ವೇರ್. ವಿಶ್ವವಿದ್ಯಾಲಯಗಳಿಗೆಲ್ಲ ನಿಯಮ ಮಾಡುವ ಯುಜಿಸಿ 2018ರಲ್ಲಿ ಇದಕ್ಕೂ ನಿಯಮ ತಂದಿತು. ಹೋಲಿಕೆ ಶೇ 10ರವರೆಗೆ ಇದ್ದರೆ ಶಿಕ್ಷೆ ಇಲ್ಲ. 40ರವರೆಗೆ ಇದ್ದರೆ ತಿದ್ದಿ ಮತ್ತೆ ಕೊಡಬೇಕು. 60 ದಾಟಿದರೆ ನೋಂದಣಿಯೇ ರದ್ದು. ಎಲ್ಲರೂ ಆಡುವಂಥ ಮಾತು ಸತತ 14 ಪದದವರೆಗೆ ಇದ್ದರೆ ಲೆಕ್ಕಕ್ಕಿಲ್ಲ. ಇದನ್ನು ಓದಿದ ಹುಡುಗರು ಹದಿನೈದನೇ ಪದದ ಜಾಗದಲ್ಲೆಲ್ಲ ಒಂದೊಂದು ‘ಕೂಡ’ ಸೇರಿಸಲು ಶುರುಮಾಡಿದರು. ಅಷ್ಟೆಲ್ಲ ಕಷ್ಟ ಬೇಡ ಅಂತ ನಾನೇ ಹೇಳಿದೆ. ‘ನುಡಿ’ ಅನ್ನುವ ಹಳೇ ಫಾಂಟ್‌ನಲ್ಲಿ ಹೊಡೆದ ಕನ್ನಡ ಪರದೆಯ ಮೇಲೆ ಮಾತ್ರ ಕನ್ನಡ. ಕಂಪ್ಯೂಟರಿನ ಹೊಟ್ಟೆಯೊಳಗೆ ಅದು ಇಂಗ್ಲಿಷ್ ಅಕ್ಷರಗಳ ಗೋಜಲು. ಸಾಫ್ಟ್‌ವೇರ್ ಅದನ್ನು ಓದಿ ಕಣ್ಣುಕಣ್ಣು ಬಿಡುತ್ತದೆ, ಇಂಥ ಮಾತನ್ನು ಜಗತ್ತಿನಲ್ಲಿ ಯಾರೂ ಆಡಿಲ್ಲ ಅನ್ನುತ್ತದೆ. ಹೋಲಿಕೆ ಸೊನ್ನೆ. ಮಂಡಕ್ಕಿ ಹುಡುಗಿ ಮಾತ್ರ ಕಂಪ್ಯೂಟರಿಗೂ ಕನ್ನಡ ಅಂತಲೇ ಗೊತ್ತಾಗುವ ಯುನಿಕೋಡ್‌ನಲ್ಲಿ, ಸ್ವಂತ ಮಾತಿನಲ್ಲಿ ಬರೆದಿದ್ದಳು. ಅವಳಿಗೆ ಶೇ 9 ಬಂತು. ಇಲಾಖೆಯಲ್ಲಿ ಎಲ್ಲರಿಗಿಂತ ಜಾಸ್ತಿ ಕಾಪಿ ಹೊಡೆದವಳು ಅವಳೇ ಅಂತ ದಾಖಲಾಯಿತು.

ಐದನೇ ಅಧ್ಯಾಯ, ಅಂದರೆ ಸಲಹೆಗಳು, ನನ್ನ ಹತ್ತಿರ ರೆಡಿ ಇರುತ್ತದೆ. ಸರ್ಕಾರ ಜಾಗೃತಿ ಮೂಡಿಸಬೇಕು, ಶಿಬಿರ ಏರ್ಪಡಿಸಬೇಕು. ಅದಕ್ಕೆ ನಾನು ಟೈಪಿಂಗ್ ಚಾರ್ಜು ಹಾಕುವುದಿಲ್ಲ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಪ್ರೊಫೆಸರ್ ಬಂದರು. ಮೊದಲು ಬೆಣ್ಣೆದೋಸೆ ಆಯಿತು, ಆಮೇಲೆ ಪರೀಕ್ಷೆ. ಒಬ್ಬೊಬ್ಬರಿಗೆ ಎರಡೆರಡು ನಿಮಿಷ. ಇವಳ ಸರದಿ ಬಂದಾಗ ಅವರು ಮರೂನ್ ರೆಕ್ಸಿನ್ ಸವರಿ, ಶೀರ್ಷಿಕೆ ಓದಿ, ತಲೆ ಎತ್ತಿ ಕೇಳಿದರಂತೆ: ‘ಏನಮ್ಮ, ಇಲ್ಲಿ ನರ್ಗೀಸ್ ಮಂಡಕ್ಕಿ ಎಲ್ಲಿ ಚೆನ್ನಾಗಿ ಸಿಗುತ್ತೆ?’ ಕ್ಷೇತ್ರಕಾರ್ಯಕ್ಕೆ ಸಂಬಂಧಪಟ್ಟ ಪ್ರಶ್ನೆ ಅವತ್ತು ಅದೊಂದೇ. ಹುಡುಗಿ ಭಟ್ಟಿಯ ಗುರುತು, ಹೋಗುವ ದಾರಿ, ಬಿಸಿಯಾಗಿ ಸಿಗುವ ಹೊತ್ತು ಎಲ್ಲ ಹೇಳಿದಳು. ಅಂಕ ಚೆನ್ನಾಗಿ ಬಂತು.

ಈ ವರ್ಷ ಚಳ್ಳಕೆರೆಯ ಹುಡುಗನೊಬ್ಬ ಬಂದಿದ್ದ. ಅವನ ವಿಷಯ ಕಂಬಳಿ ನೇಯುವವರು. ನಾಳೆಯೇ ಕೊಡಬೇಕಂತೆ. ಮಂಡಕ್ಕಿ ಫೈಲ್ ತೆಗೆದೆ. ‘ಮಂಡಕ್ಕಿ’ ಇದ್ದ ಕಡೆ ‘ಕಂಬಳಿ’, ‘ದಾವಣಗೆರೆ’ ಇದ್ದ ಕಡೆ ‘ಚಳ್ಳಕೆರೆ’. ಅರ್ಧ ನಿಮಿಷ. ನಿನ್ನೆ ಬೈಂಡ್ ಮಾಡುವಾಗ ಸುಮ್ನೆ ಒಂದು ಪುಟ ಕಣ್ಣಿಗೆ ಬಿತ್ತು: ‘ಚಳ್ಳಕೆರೆಯ ಕಂಬಳಿಯನ್ನು ಕಾದ ಮರಳಿನಲ್ಲಿ ಹುರಿಯುತ್ತಾರೆ. ಹುರಿದ ಕಂಬಳಿಗೆ ಖಾರ, ಈರುಳ್ಳಿ ಬೆರೆಸಿ ತಿನ್ನುವುದು ಇಲ್ಲಿನ ವಾಡಿಕೆ.’

ಹುಡುಗನಿಗೆ ಫೋನ್ ಮಾಡಿದೆ. ಅವನು ಒಂದು ಕ್ಷಣ ಯೋಚಿಸಿ, ‘ಎಷ್ಟನೇ ಪುಟ ಅಣ್ಣ?’ ಅಂದ.

‘ನಲವತ್ತಮೂರು.’

‘ಅಯ್ಯೋ ಬಿಡಿ. ಅಲ್ಲೀವರೆಗೆ ಯಾರೂ ಬರಲ್ಲ.’