ಸಿನಿಮಾ ಮರೆತ ಮೇಲೆ ಬಂದ ಪ್ರಶಸ್ತಿ

ಇಪ್ಪತ್ತು ವರ್ಷಗಳಿಂದ ಮುಂಬೈಯ ಮಾಟುಂಗದಲ್ಲಿ ನೆಲೆಸಿರುವ ನನಗೆ ಹಿಂದಿ ಚಿತ್ರಗಳಿಗೆ ಫಿಲ್ಮ್‌ಫೇರ್ ಪತ್ರಿಕೆ ನೀಡುವ ಪ್ರಶಸ್ತಿ ಸಮಾರಂಭದ ಥಳುಕು ಎಂದೂ ಹಿಡಿಸಿದ್ದಿಲ್ಲ. 1954ರಲ್ಲಿ ಮೆಟ್ರೋ ಚಿತ್ರಮಂದಿರದಲ್ಲಿ ಐದೇ ವಿಭಾಗಗಳೊಂದಿಗೆ ಆರಂಭವಾದ ಆ ಪ್ರಶಸ್ತಿ ಇಂದು ತಾರೆಯರ ಕುಣಿತದ ನಡುವೆ ಸಿನಿಮಾವನ್ನು ಹುಡುಕಬೇಕಾದ ಟಿವಿ ಕಾರ್ಯಕ್ರಮವಾಗಿದೆ. 2020ರಲ್ಲಿ ಒಂದೇ ಚಿತ್ರಕ್ಕೆ 13 ಪ್ರಶಸ್ತಿಗಳನ್ನು ಸುರಿದದ್ದಂತೂ ಅತಿಯೆಂದೇ ನನಗನಿಸಿತ್ತು.

ಆದರೆ ಅದೇ ಸಮಾರಂಭದ ಒಂದು ಗುಣವನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ. 2019ರ ಹಿಂದಿ ಚಿತ್ರಗಳಿಗೆ 2020ರ ಫೆಬ್ರುವರಿಯಲ್ಲಿ ಗುವಾಹಟಿಯಲ್ಲಿ ಪ್ರಶಸ್ತಿ ಸಂದಿತು. ಕೋವಿಡ್‌ನಿಂದ ಚಿತ್ರಮಂದಿರಗಳಿಗೆ ಬೀಗ ಬಿದ್ದಿದ್ದ 2020ರ ಸಾಲಿನ ಪ್ರಶಸ್ತಿಗಳೂ ಮರುವರ್ಷದ ಮಾರ್ಚ್‌ನಲ್ಲೇ ಮುಗಿದವು. ಆದರೆ ನಮ್ಮ ಕರ್ನಾಟಕ ರಾಜ್ಯ ಸರ್ಕಾರದ 2019ರ ಸಾಲಿನ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದದ್ದು 2025ರ ಜನವರಿಯಲ್ಲಿ! ಸಂಕ್ರಾಂತಿಗೆಂದು ಬೆಂಗಳೂರಿಗೆ ಬಂದವನು ಮಲ್ಲೇಶ್ವರದ ಅಕ್ಕನ ಮನೆಯಲ್ಲೇ ಉಳಿದಿದ್ದೆ. ಪತ್ರಿಕೆಯಲ್ಲಿ ಪಟ್ಟಿಯನ್ನು ಓದಿದ ಭಾವ, "ಈ ಸಿನಿಮಾ ಯಾವಾಗ ಬಂದಿತ್ತಪ್ಪಾ?" ಎಂದು ಕೇಳಿದರು. ವಾರ ತಪ್ಪದೆ ಸಿನಿಮಾ ನೋಡುವವರು ಅವರು.

ಖಾಸಗಿ ಪತ್ರಿಕೆಯೊಂದು ತನ್ನ ಪ್ರಶಸ್ತಿಯನ್ನು ಪ್ರಾಯೋಜಕರ ಹಣದಿಂದ ಹೊತ್ತಿಗೆ ಸರಿಯಾಗಿ ನಡೆಸುವುದು ಸುಲಭ, ಸರ್ಕಾರಕ್ಕೆ ಆಯ್ಕೆ ಸಮಿತಿ, ಆದೇಶ, ಅನುದಾನ ಎಂದೆಲ್ಲ ಹಲವು ಮೆಟ್ಟಿಲುಗಳಿವೆ ಎಂಬ ಸಮಜಾಯಿಷಿಯನ್ನು ನಾನು ಬಲ್ಲೆ. ಆದರೆ ಐದು ವರ್ಷಗಳ ವಿಳಂಬಕ್ಕೆ ಅದು ಸಾಲದು. ಮುಂಬೈಯ ವೇದಿಕೆ ಕಣ್ಣೆತ್ತಿಯೂ ನೋಡದ ಚಿತ್ರಗಳಿಗೆ ನಮ್ಮ ರಾಜ್ಯ ಪ್ರಶಸ್ತಿಯಲ್ಲಿ ಜಾಗವಿದೆ: ಸಾಮಾಜಿಕ ಕಾಳಜಿಯ ಚಿತ್ರ, ಮಕ್ಕಳ ಚಿತ್ರ, ತುಳು, ಕೊಡವದಂತಹ ಪ್ರಾದೇಶಿಕ ಭಾಷೆಗಳ ಚಿತ್ರ. ದೊಡ್ಡ ನಟನ ಚಿತ್ರಕ್ಕೆ ಪ್ರಶಸ್ತಿ ತಡವಾದರೆ ಗಲ್ಲಾಪೆಟ್ಟಿಗೆಗೇನೂ ನಷ್ಟವಿಲ್ಲ. ಮೂರು ದಿನ ಓಡಿ ಎತ್ತಂಗಡಿಯಾದ ಸಣ್ಣ ಚಿತ್ರಕ್ಕೆ ಮಾತ್ರ, ಪ್ರಶಸ್ತಿಯ ಸುದ್ದಿ ಬಿಸಿಯಾಗಿರುವಾಗ ಎರಡನೆಯ ಬಾರಿ ತೆರೆ ಕಾಣುವ ಒಂದು ಅವಕಾಶವಿರುತ್ತದೆ, ಐದು ವರ್ಷಗಳ ಬಳಿಕ ಅದನ್ನು ಯಾವ ಪ್ರದರ್ಶಕ ಕೇಳುತ್ತಾನೆ?

ಈ ಪ್ರಶಸ್ತಿಗಳಲ್ಲಿ ಬಾಲನಟರಿಗೂ ಒಂದು ವಿಭಾಗವಿದೆ. 2019ರಲ್ಲಿ ಎಂಟರ ಹುಡುಗನೊಬ್ಬ ಕ್ಯಾಮೆರಾದ ಮುಂದೆ ನಿಂತಿದ್ದನೆಂದುಕೊಳ್ಳಿ. 'ಅತ್ಯುತ್ತಮ ಬಾಲನಟ' ಎಂದು ಅವನ ಹೆಸರನ್ನು ಓದುವ ಹೊತ್ತಿಗೆ ಅವನ ಧ್ವನಿ ಒಡೆದು, ಮೀಸೆ ಚಿಗುರುತ್ತಿರುತ್ತದೆ.